ಎಲುಬು ನುಡಿದ ಸಾಕ್ಷ್ಯ

ಮಣ್ಣುಗೂಡಿದ ಮನುಷ್ಯನು ತನ್ನ ಪೂರ್ವಜರ ಸುದ್ದಿಯನ್ನು ಹೇಳಬಲ್ಲನೇ? ಹೇಳಬಲ್ಲನು. ನಮ್ಮ ಜೀವಕೋಶಗಳಲ್ಲಿರುವ ಡಿ.ಎನ್.ಎ. ಎಂಬ ನೂಲಿನಂಥ ಅಣುವಿನಲ್ಲಿ ವಂಶಪರಂಪರೆಯ ಲೇಖವಿದೆ. ಅದರ ತುಣುಕುಗಳು ಎಲುಬಿನಲ್ಲಿ, ವಿಶೇಷವಾಗಿ ಒಳಕಿವಿಯನ್ನು ಸುತ್ತಿದ ಗಟ್ಟಿ ಎಲುಬಿನಲ್ಲಿ, ಸಹಸ್ರಾರು ವರ್ಷ ಉಳಿಯಬಲ್ಲವು. ಆದರೆ ಶಾಖವು ಅದಕ್ಕೆ ಪರಮಶತ್ರು: ಉಷ್ಣತೆ ಏರಿದಂತೆ ಅಣುವು ಒಡೆಯುವ ವೇಗವೂ ಏರುತ್ತದೆ. ಆದುದರಿಂದಲೇ ಶೀತದೇಶಗಳಲ್ಲಿ ಸುಲಭವಾದ ಈ ಶೋಧವು ನಮ್ಮಲ್ಲಿ ದುರ್ಲಭ.

ಹರಿಯಾಣದ ರಾಖಿಗಢಿಯು ಸಿಂಧೂ ನಾಗರಿಕತೆಯ ಮಹಾನಗರಗಳಲ್ಲೊಂದು. ಅಲ್ಲಿಯ ೬೧ ಅಸ್ಥಿಮಾದರಿಗಳನ್ನು ಪರೀಕ್ಷಿಸಿದಾಗ ಓದಲು ಸಾಲುವಷ್ಟು ಡಿ.ಎನ್.ಎ. ದೊರೆತದ್ದು ಒಂದರಲ್ಲಿ ಮಾತ್ರ. ಅದು ಸುಮಾರು ೪,೫೦೦ ವರ್ಷಗಳ ಹಿಂದಿನ ಒಬ್ಬ ಸ್ತ್ರೀಯದು. ೨೦೧೯ರಲ್ಲಿ ಪ್ರಕಟವಾದ ಆ ಸಂಶೋಧನೆಯ ಪ್ರಕಾರ, ಇಂದಿನ ಅನೇಕ ಭಾರತೀಯರಲ್ಲಿ ಕಂಡುಬರುವ, ಯೂರೇಷಿಯದ ಹುಲ್ಲುಗಾವಲಿನ ಪಶುಪಾಲಕರ ವಂಶಾಂಶವು ಅವಳಲ್ಲಿರಲಿಲ್ಲ.

ಒಬ್ಬಳಿಂದ ಇಡೀ ಜನಸಮುದಾಯವನ್ನು ಅಳೆಯಬಹುದೇ? ಇರಾನ್ ಮತ್ತು ತುರ್ಕ್‌ಮೆನಿಸ್ತಾನಗಳಲ್ಲಿ ದೊರೆತ ೧೧ ಮಂದಿಯ ವಂಶಲೇಖವೂ ಅವಳದನ್ನೇ ಹೋಲಿತು. ಅವರು ಸಿಂಧೂ ಪ್ರದೇಶದಿಂದ ಹೋದವರಿರಬೇಕೆಂದು ಸಂಶೋಧಕರು ತರ್ಕಿಸಿದರು. ಹೀಗೆ, ಪಶುಪಾಲಕರ ವಂಶಾಂಶವು ಇಲ್ಲಿಗೆ ಬಂದದ್ದು ಅನಂತರವೇ ಎಂಬ ನಿರ್ಣಯಕ್ಕೆ ಬಲ ಬಂದಿತು.

ಆದರೆ ವಿದ್ಯಾರ್ಥಿಗಳು ಒಂದನ್ನು ನೆನಪಿಡಬೇಕು. ಅವಳು ಯಾವ ನುಡಿಯನ್ನಾಡುತ್ತಿದ್ದಳು, ಯಾರನ್ನು ಪೂಜಿಸುತ್ತಿದ್ದಳು ಎಂಬುದನ್ನು ಡಿ.ಎನ್.ಎ. ಹೇಳದು. ಸಾಕ್ಷಿಯು ನುಡಿದಷ್ಟನ್ನೇ ಒಪ್ಪುವುದು ವಿಜ್ಞಾನದ ಧರ್ಮ.