ಗುಜರಿ ಅಂಗಡಿಯಲ್ಲಿ ಸಿಕ್ಕ ಪಾದರಸ

2001ರ ಮಾರ್ಚ್. ತಮಿಳುನಾಡಿನ ಗಿರಿಧಾಮ ಕೊಡೈಕೆನಾಲಿನ ಮುಂಜಿಕ್ಕಲ್‌ನ ಗುಜರಿ ಅಂಗಡಿಯೊಂದರಲ್ಲಿ ಊರವರಿಗೂ ಗ್ರೀನ್‌ಪೀಸ್ ಕಾರ್ಯಕರ್ತರಿಗೂ ಹರಿದ ಮೂಟೆಗಳು ಕಂಡವು. ಒಳಗಿದ್ದದ್ದು ಒಡೆದ ಗಾಜು, ಅದಕ್ಕಂಟಿದ ಪಾದರಸ. ಟನ್‌ಗಟ್ಟಲೆ ಮಾಲು, ಜನ ಓಡಾಡುವ ಜಾಗದಲ್ಲಿ. ಎಲ್ಲವೂ ಹಿಂದೂಸ್ತಾನ್ ಲಿವರ್‌ನ ಥರ್ಮಾಮೀಟರ್ ಕಾರ್ಖಾನೆಯಿಂದ ಬಂದದ್ದು.

ಆ ಕಾರ್ಖಾನೆ ಮೊದಲಿದ್ದದ್ದು ಅಮೆರಿಕದ ವಾಟರ್‌ಟೌನ್‌ನಲ್ಲಿ. 1980ರ ದಶಕದ ಆರಂಭದಲ್ಲಿ ಪಾಂಡ್ಸ್ ಕಂಪನಿ ಅದನ್ನು ಈ ಬೆಟ್ಟಕ್ಕೆ ಸಾಗಿಸಿತು. 1987ರಲ್ಲಿ ಅದು ಹಿಂದೂಸ್ತಾನ್ ಲಿವರ್ ಸೇರಿದ್ದ ಯೂನಿಲಿವರ್ ಬಳಗದ ಪಾಲಾಯಿತು. ಪಾದರಸ ಹೊರದೇಶದಿಂದ ಬರುತ್ತಿತ್ತು, ತಯಾರಾದ ಥರ್ಮಾಮೀಟರ್ ಹೊರದೇಶಕ್ಕೇ ಹೋಗುತ್ತಿತ್ತು. ನಮ್ಮಲ್ಲಿ ಉಳಿದದ್ದು ಕೂಲಿ ಮತ್ತು ಕಸ.

ಪಾದರಸದ ತೊಂದರೆಯೆಂದರೆ, ಅದು ಕೋಣೆಯ ಸಾಮಾನ್ಯ ಬಿಸಿಗೇ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಉಸಿರಾಡಿದವನಿಗೆ ತಿಳಿಯುವುದೇ ಇಲ್ಲ. ವರ್ಷಗಟ್ಟಲೆ ಒಳಹೊಕ್ಕರೆ ನರಮಂಡಲ, ಮೂತ್ರಪಿಂಡ ಎರಡಕ್ಕೂ ಪೆಟ್ಟು.

ಗುಜರಿಯ ಸುದ್ದಿ ಹಬ್ಬಿದ ಅದೇ ತಿಂಗಳು ಕಾರ್ಖಾನೆಗೆ ಬೀಗ ಬಿತ್ತು. ಆದರೆ ಗಾಳಿಗೆ ಸೇರಿದ್ದನ್ನು ಸಾಬೀತು ಮಾಡುವುದು ಹೇಗೆ? ಹೈದರಾಬಾದಿನ ಅಣುಶಕ್ತಿ ಇಲಾಖೆಯ ಪ್ರಯೋಗಾಲಯದ ವಿಜ್ಞಾನಿಗಳು ಮರದ ತೊಗಟೆಯ ಕಲ್ಲುಹೂವು, ಹಾವಸೆಗಳನ್ನು ಕೆರೆದು ತಂದರು. ಇವು ಮಣ್ಣಿಗೆ ಬೇರಿಳಿಸದೆ ಗಾಳಿ, ಮಳೆ, ಮಂಜಿನಿಂದಲೇ ಬದುಕುವ ಜೀವಗಳು. ಗಾಳಿಯಲ್ಲಿ ಬಂದದ್ದನ್ನೆಲ್ಲ ಒಡಲಲ್ಲಿ ಕೂಡಿಟ್ಟುಕೊಳ್ಳುತ್ತವೆ. ಅವುಗಳಲ್ಲಿ ಪಾದರಸ ಪತ್ತೆಯಾಯಿತು. 2003ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಕೊಡೈ ಸರೋವರವೂ ಮಲಿನವಾಗಿದೆ ಎಂಬುದನ್ನು 2006ರ ವರದಿ ಹೇಳಿತು. ಅಧಿಕಾರಿಗಳ ಕಡತಗಳಿಗಿಂತ ಈ ಹಾವಸೆಯ ಸಾಕ್ಷಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಹಾಗೆಂದು ಈ ಒಂದು ಕಾರ್ಖಾನೆಯನ್ನು ನೋಡಿ ವಿದೇಶಿ ಬಂಡವಾಳವೆಂದರೆ ಹೊಲಸು ಎಂದುಬಿಡುವಂತಿಲ್ಲ. ಮೆಕ್ಸಿಕೊ, ವೆನೆಜುವೆಲಾ, ಮೊರಾಕೊ, ಐವರಿ ಕೋಸ್ಟ್‌ಗಳ ಕಾರ್ಖಾನೆಗಳನ್ನು ಜಾಲಾಡಿದ ಎಸ್ಕೆಲ್ಯಾಂಡ್, ಹ್ಯಾರಿಸನ್ ಎಂಬ ಅರ್ಥಶಾಸ್ತ್ರಜ್ಞರಿಗೆ ವಿದೇಶಿ ಘಟಕಗಳು ಸ್ಥಳೀಯ ಘಟಕಗಳಿಗಿಂತ ಕಡಿಮೆ ಇಂಧನ ಉರಿಸುವುದು ಕಂಡಿತು. ಆದರೆ ಇಂಧನ ಉಳಿದರೆ ಲಾಭ. ಪಾದರಸದ ಕಸವನ್ನು ಜೋಪಾನ ಮಾಡಿದರೆ ಖರ್ಚು. ಆ ಖರ್ಚು ಮಾಡಿಸಬೇಕಾದರೆ ಯಾರಾದರೂ ಬಾಗಿಲಲ್ಲಿ ನಿಂತು ಕೇಳಬೇಕು.

2003ರಲ್ಲಿ 290 ಟನ್ ಪಾದರಸದ ತ್ಯಾಜ್ಯ ಹಡಗೇರಿ ಅಮೆರಿಕಕ್ಕೆ ವಾಪಸಾಯಿತು. 2016ರಲ್ಲಿ 591 ಮಾಜಿ ಕಾರ್ಮಿಕರ ಜೊತೆ ಕಂಪನಿ ರಾಜಿ ಮಾಡಿಕೊಂಡಿತು. ಉಳಿದ ಜಗಳ ಕಾರ್ಖಾನೆಯ ಮಣ್ಣಿಗೆ ಬಂದು ನಿಂತಿತು: ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿದರೂ ಶುದ್ಧವೆಂದು ಒಪ್ಪಿಕೊಳ್ಳಲಾಯಿತು. ಯೂನಿಲಿವರ್‌ನ ನೆಲೆಯಾದ ಬ್ರಿಟನ್‌ನಲ್ಲಾಗಿದ್ದರೆ ಇಷ್ಟನ್ನು ಬಿಡುತ್ತಿದ್ದರೇ ಎಂದು ಹೋರಾಟಗಾರರು ಕೇಳಿದರು.