ಆಮೆಯ ಹೆಜ್ಜೆ, ರಂಗೋಲಿಯ ಎಳೆ: ಮಕ್ಕಳಿಗೆ ಕ್ರಮವಿಧಿ ಕಲಿಸುವ ಒಂದು ಬಗೆ



ಈ ದೇಶದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಗಣಕಯಂತ್ರದ ಪರಿಚಯವಿಲ್ಲದ ಮನೆ ವಿರಳ. ಅನೇಕರಿಗೆ ಅದೇ ಅನ್ನದ ದಾರಿ. ಆದ್ದರಿಂದ ಮಗುವಿಗೆ ಏಳೆಂಟು ವರ್ಷ ತುಂಬುತ್ತಲೇ ‘ಕೋಡಿಂಗ್ ತರಗತಿಗೆ ಯಾವಾಗ ಸೇರಿಸಬೇಕು?’ ಎಂಬ ಪ್ರಶ್ನೆ ನಮ್ಮ ಔತಣಕೂಟಗಳಲ್ಲಿ ತಪ್ಪದೆ ಏಳುತ್ತದೆ. ಯಾವಾಗ ಎಂಬುದಕ್ಕಿಂತ, ಏನನ್ನು ಮಾಡಿಸುತ್ತ ಕಲಿಸಬೇಕು ಎಂಬುದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಮೊದಲ ಪಾಠವೇ ಎರಡು ಸಂಖ್ಯೆಗಳನ್ನು ಕೂಡಿಸುವುದು, ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು ಎಂದಾದರೆ, ಯಂತ್ರವು ಕೆಂಪಕ್ಷರದಲ್ಲಿ ‘ತಪ್ಪು’ ಎಂದು ಹೇಳುವುದನ್ನು ನಾಲ್ಕು ಸಲ ಕಂಡ ಮಗು ‘ಇದು ನನಗೆ ಹೇಳಿದ್ದಲ್ಲ’ ಎಂದು ತೀರ್ಮಾನಿಸಿಬಿಡುತ್ತದೆ. ಹತ್ತನೆಯ ವಯಸ್ಸಿನಲ್ಲಿ ಮಾಡಿಕೊಂಡ ಆ ತೀರ್ಮಾನವನ್ನು ಹದಿನೈದರಲ್ಲಿ ಬದಲಿಸುವುದು ಬಹಳ ಕಷ್ಟ.

ಚಿತ್ರ ಬರೆಯುತ್ತ ಕಲಿತ ಮಗುವಿನ ಸ್ಥಿತಿ ಬೇರೆ. ಅಲ್ಲಿ ತಪ್ಪು ಎಂಬುದು ಬೈಗುಳವಾಗಿ ಬರದೆ ಆಕಾರವಾಗಿ ಬರುತ್ತದೆ. ಮುಚ್ಚಬೇಕಾದ ಗೆರೆ ಮುಚ್ಚದೆ ಉಳಿದರೆ, ಎಷ್ಟು ಉಳಿಯಿತು, ಯಾವ ಕಡೆಗೆ ಉಳಿಯಿತು ಎಂಬುದು ಕಣ್ಣೆದುರಿಗೇ ಇರುತ್ತದೆ. ಇಂದಿನ ಉಪನ್ಯಾಸದಲ್ಲಿ ನಾವು ವಿವರಿಸಲಿರುವುದು ಇದನ್ನೇ.

ಈ ವಿಧಾನದ ಮೂಲ ಇರುವುದು ಇದೇ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನಲ್ಲಿ. 1967ರಲ್ಲಿ ಬೋಲ್ಟ್, ಬೆರಾನೆಕ್ ಅಂಡ್ ನ್ಯೂಮನ್ ಎಂಬ ಸಂಸ್ಥೆಯಲ್ಲಿ ವಾಲಿ ಫೋಯರ್‌ಝೈಗ್, ಸಿಮೋರ್ ಪೇಪರ್ಟ್, ಸಿಂಥಿಯಾ ಸಾಲಮನ್ ಮೊದಲಾದವರು ಮಕ್ಕಳಿಗೆಂದೇ ‘ಲೋಗೋ’ ಎಂಬ ಗಣಕಭಾಷೆಯನ್ನು ರೂಪಿಸಿದರು. ಗ್ರೀಕಿನಲ್ಲಿ ‘ಲೋಗೋಸ್’ ಎಂದರೆ ಮಾತು. ದಕ್ಷಿಣ ಆಫ್ರಿಕದಲ್ಲಿ 1928ರಲ್ಲಿ ಹುಟ್ಟಿದ ಪೇಪರ್ಟ್ ಗಣಿತಜ್ಞರು. ಜಿನೀವಾದಲ್ಲಿ ಶಿಶುಮನೋವಿಜ್ಞಾನಿ ಜೀನ್ ಪಿಯಾಜೆಯವರ ಜೊತೆ ಕೆಲವು ವರ್ಷ ದುಡಿದು, ಬಳಿಕ ಎಂ.ಐ.ಟಿ.ಗೆ ಬಂದವರು. ಲೋಗೋಗೆ ಮುಂದೆ ಒಂದು ‘ಆಮೆ’ ಬಂದು ಸೇರಿತು. ಮೊದಲಿಗೆ ಅದು ನೆಲದ ಮೇಲೆ ಲೇಖನಿ ಹಿಡಿದು ಓಡಾಡುವ ಯಂತ್ರ. ನಂತರ ತೆರೆಯ ಮೇಲಿನ ಒಂದು ಪುಟ್ಟ ತ್ರಿಕೋನ. (1940ರ ದಶಕದ ಕೊನೆಯಲ್ಲಿ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತಯಾರಿಸಿದ್ದ ಯಂತ್ರದ ಆಮೆಗಳಿಂದ ಈ ಹೆಸರು ಬಂದಿತು.) 1980ರಲ್ಲಿ ಪ್ರಕಟವಾದ ಪೇಪರ್ಟ್ ಅವರ ‘ಮೈಂಡ್‌ಸ್ಟಾರ್ಮ್ಸ್’ ಗ್ರಂಥವು ಈ ಆಮೆಯನ್ನು ಲೋಕಪ್ರಸಿದ್ಧಗೊಳಿಸಿತು.

ಆಮೆಗೆ ತಿಳಿಯುವ ಮಾತುಗಳು ಬಹಳ ಕಡಿಮೆ: ಮುಂದೆ ಇಷ್ಟು ಹೆಜ್ಜೆ, ಬಲಕ್ಕೆ ಇಷ್ಟು ಡಿಗ್ರಿ, ಎಡಕ್ಕೆ ಇಷ್ಟು ಡಿಗ್ರಿ, ಲೇಖನಿ ಎತ್ತು, ಲೇಖನಿ ಇಳಿಸು. ‘ಮುಂದೆ 100, ಬಲಕ್ಕೆ 90’ ಎಂಬುದನ್ನು ನಾಲ್ಕು ಬಾರಿ ಹೇಳಿದರೆ ಚೌಕ ಸಿದ್ಧ. ನಾಲ್ಕು ಬಾರಿ ಬರೆಯಲು ಬೇಸರವಾದಾಗ ‘4 ಬಾರಿ ಮಾಡು’ ಎಂಬ ಆಜ್ಞೆಯನ್ನು ಮಗುವೇ ಬಯಸುತ್ತದೆ. ಬೇಸರ ಬರುವ ಮೊದಲೇ ಅದನ್ನು ಹೇಳಿಕೊಡಬಾರದು ಎಂಬುದು ಕಲಿಸುವವರಿಗೆ ನಮ್ಮ ಕಿವಿಮಾತು.

ನಿಜವಾದ ಪಾಠ ತೆರೆದುಕೊಳ್ಳುವುದು ತ್ರಿಭುಜದಲ್ಲಿ. ಸಮಬಾಹು ತ್ರಿಭುಜದ ಕೋನ 60 ಡಿಗ್ರಿ ಎಂದು ಶಾಲೆಯಲ್ಲಿ ಕಲಿತ ಮಗು ‘ಮುಂದೆ 100, ಬಲಕ್ಕೆ 60’ ಎಂದು ಮೂರು ಬಾರಿ ಬರೆಯುತ್ತದೆ. ತೆರೆಯ ಮೇಲೆ ಮೂಡುವುದು ಬೋಗುಣಿಯಂಥ ಒಂದು ಆಕಾರ, ಅರ್ಧ ಷಡ್ಭುಜ. ಇಲ್ಲಿ ಉತ್ತರವನ್ನು ಹೇಳಿಕೊಡದೆ ಮಗುವನ್ನು ಎಬ್ಬಿಸಿ ನಡೆಸಬೇಕು. ನಡುಮನೆಯಲ್ಲಿ ತ್ರಿಭುಜಾಕಾರವಾಗಿ ಹೆಜ್ಜೆಯಿಡುವಾಗ, ಮೂಲೆಯಲ್ಲಿ ತನ್ನ ಮೈ ಎಷ್ಟು ತಿರುಗಿತು ಎಂಬುದು ಮಗುವಿಗೆ ಮೈಯಿಂದಲೇ ಅರಿವಾಗುತ್ತದೆ. ಪುಸ್ತಕದ 60 ತ್ರಿಭುಜದ ಒಳಕೋನ. ಆಮೆ ತಿರುಗಬೇಕಾದದ್ದು ಹೊರಕೋನದಷ್ಟು, ಅಂದರೆ 120. ಮಕ್ಕಳು ತಮ್ಮ ಮೈಯನ್ನೇ ಅಳತೆಗೋಲಾಗಿಸಿಕೊಂಡು ಆಲೋಚಿಸಬಲ್ಲರು ಎಂಬುದು ಪೇಪರ್ಟ್ ಅವರ ಮುಖ್ಯ ವಾದಗಳಲ್ಲಿ ಒಂದು.

ಇಲ್ಲಿಂದ ಒಂದು ನಿಯಮ ಹೊರಡುತ್ತದೆ. ಚೌಕದಲ್ಲಿ ನಾಲ್ಕು ತೊಂಬತ್ತು, ತ್ರಿಭುಜದಲ್ಲಿ ಮೂರು ನೂರಿಪ್ಪತ್ತು, ಷಡ್ಭುಜದಲ್ಲಿ ಆರು ಅರವತ್ತು. ಒಟ್ಟು ಎಲ್ಲಿಯೂ 360. ಹೊರಟ ಜಾಗಕ್ಕೆ ಹೊರಟ ಮುಖದಲ್ಲೇ ಮರಳಬೇಕಾದರೆ ಆಮೆಯ ಒಟ್ಟು ತಿರುವು 360 ಆಗಬೇಕು, ಇಲ್ಲವೇ ಅದರ ಎರಡರಷ್ಟು, ಮೂರರಷ್ಟು ಆಗಬೇಕು. ಐದು ಮೂಲೆಯ ನಕ್ಷತ್ರದಲ್ಲಿ ಪ್ರತಿ ತಿರುವು 144. ಐದು ತಿರುವುಗಳ ಮೊತ್ತ 720, ಅಂದರೆ ಆಮೆ ಎರಡು ಸುತ್ತು ತಿರುಗಿತು. ಎಂಟು ಮೂಲೆಯ ನಕ್ಷತ್ರಕ್ಕೆ ಪ್ರತಿ ತಿರುವು 135. ಮೊತ್ತ 1080, ಮೂರು ಸುತ್ತು. ಹಾಗಾದರೆ ಆರು ಮೂಲೆಯ ನಕ್ಷತ್ರ? 720ನ್ನು ಆರರಿಂದ ಭಾಗಿಸಿದರೆ 120 ಬರುತ್ತದೆ. ಆಮೆ ಒಂದೇ ತ್ರಿಭುಜವನ್ನು ಎರಡು ಸಲ ಸುತ್ತಿ ಸುಮ್ಮನಾಗುತ್ತದೆ. ಆರು ಮತ್ತು ಎರಡಕ್ಕೆ ಸಾಮಾನ್ಯ ಅಪವರ್ತನವಿರುವುದೇ ಇದಕ್ಕೆ ಕಾರಣ. ಆ ನಕ್ಷತ್ರಕ್ಕೆ ಲೇಖನಿ ಎತ್ತಿ, ಎರಡು ತ್ರಿಭುಜಗಳನ್ನು ಒಂದರ ಮೇಲೊಂದು ಬರೆಯಬೇಕು. ಮ.ಸಾ.ಅ. ಎಂಬುದನ್ನು ಪರೀಕ್ಷೆಗಾಗಿ ಮಾತ್ರ ಕಲಿತ ಮಗುವಿಗೆ, ಅದು ಒಂದು ನಕ್ಷತ್ರವನ್ನೇ ತಡೆದು ನಿಲ್ಲಿಸಬಲ್ಲದು ಎಂದು ತಿಳಿದಾಗ ಆಗುವ ಬೆರಗು ನೋಡತಕ್ಕದ್ದು.

ಮುಂದಿನ ಹೆಜ್ಜೆ, ಆಮೆಗೆ ಹೊಸ ಮಾತು ಕಲಿಸುವುದು. ‘ಚೌಕ’ ಎಂದರೆ ಇದು ಎಂದು ಒಮ್ಮೆ ಹೇಳಿಟ್ಟರೆ, ಬಳಿಕ ‘ಚೌಕ, ಬಲಕ್ಕೆ 30’ ಎಂದು 12 ಬಾರಿ ಮಾಡಿಸಿದರೆ ಸಾಕು, ಹೂವು ಅರಳುತ್ತದೆ. ಏಳು ಚೌಕಗಳ ಹೂವು ಬೇಕೆಂದ ಮಗು 360ನ್ನು ಏಳರಿಂದ ಭಾಗಿಸಿ, ಶೇಷವನ್ನು ಬಿಟ್ಟು 51 ಎಂದು ಬರೆದರೆ, ಕೊನೆಯಲ್ಲಿ ಮೂರು ಡಿಗ್ರಿಯ ಸಂದು ಉಳಿಯುತ್ತದೆ. ಬಿಟ್ಟ ಶೇಷ ಎಲ್ಲಿ ಹೋಯಿತೆಂದು ತೆರೆಯೇ ತೋರಿಸುತ್ತದೆ.

ದಳ ಬರೆಯುವುದು ಇನ್ನೂ ಸೊಗಸು. ‘ಮುಂದೆ 2, ಬಲಕ್ಕೆ 1’ ಎಂದು 60 ಬಾರಿ ನಡೆದರೆ ಒಂದು ಬಿಲ್ಲು. ಆಮೇಲೆ ಬಲಕ್ಕೆ 120 ತಿರುಗಿ ಅದೇ ಬಿಲ್ಲನ್ನು ಮತ್ತೊಮ್ಮೆ ಬರೆದು, ಪುನಃ 120 ತಿರುಗಿದರೆ ದಳವೊಂದು ಮುಗಿಯಿತು. ಲೆಕ್ಕ ನೋಡಿ: 60, 120, 60, 120, ಮೊತ್ತ ಮತ್ತೆ 360. ದಳದ ತುದಿಯ ಕೋನ 60 ಆದ್ದರಿಂದ ಆರು ದಳಗಳು ಬುಡದಲ್ಲಿ ಸಂದಿಲ್ಲದೆ ಕೂಡಿಕೊಳ್ಳುತ್ತವೆ. ಎಂಟು ದಳ ಬೇಕೆಂದರೆ ಏನು ಬದಲಿಸಬೇಕು ಎಂಬುದನ್ನು ಮಕ್ಕಳಿಗೇ ಬಿಡಬೇಕು.

ಇಷ್ಟು ಹೇಳುವಷ್ಟರಲ್ಲಿ ಸಭೆಯಲ್ಲಿರುವ ತಾಯಂದಿರು ತಮ್ಮ ಮನೆಯಂಗಳವನ್ನು ನೆನೆದಿರಬೇಕು. ಆ ನೆನಪು ಸಹಜವಾದುದು, ಶಾಸ್ತ್ರಕ್ಕೂ ಸಮ್ಮತವಾದುದು. ತಮಿಳುನಾಡಿನ ಕೋಲಂ ನಮ್ಮ ರಂಗೋಲಿಯ ಒಡಹುಟ್ಟು. 1970ರ ದಶಕದಲ್ಲಿ ಮದರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಅವರು ಕೋಲಂಗಳನ್ನು ಗಣಕವಿಜ್ಞಾನದ ವ್ಯಾಕರಣ ಸಿದ್ಧಾಂತದ ಮೂಲಕ ವಿಶ್ಲೇಷಿಸಿ, 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಭಾಷೆಗೆ ವ್ಯಾಕರಣವಿರುವಂತೆ ಎಳೆಗಳಿಗೂ ವ್ಯಾಕರಣವುಂಟು. ಕೆಲವೇ ಸೂತ್ರಗಳಿಂದ ಎಷ್ಟು ದೊಡ್ಡ ಚಿತ್ರವನ್ನಾದರೂ ಬೆಳೆಸಬಹುದು ಎಂಬುದು ಅವರ ಕೆಲಸದ ತಿರುಳು.

ನಮ್ಮ ಪತ್ರಿಕೆಗಳಲ್ಲಿ ರಂಗೋಲಿಯ ಕೆಳಗೆ ‘7ರಿಂದ 4, ಸಂದು ಚುಕ್ಕಿ’ ಎಂದು ಅಚ್ಚಾಗುತ್ತಿದ್ದುದು ಹಲವರಿಗೆ ನೆನಪಿರಬಹುದು. ಅದೊಂದು ಪೂರ್ಣ ಕ್ರಮವಿಧಿ. ನಡುವಿನ ಸಾಲಿನಲ್ಲಿ ಏಳು ಚುಕ್ಕಿ. ಮೇಲಕ್ಕೂ ಕೆಳಕ್ಕೂ ಒಂದೊಂದು ಕಡಿಮೆಯಾಗುತ್ತ, ಪ್ರತಿ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬೀಳುತ್ತ, ನಾಲ್ಕಕ್ಕೆ ನಿಲ್ಲಬೇಕು. ಒಟ್ಟು 37 ಚುಕ್ಕಿ. ಇದನ್ನು ಆಮೆಗೆ ಹೇಳಹೊರಟ ಮಗುವಿಗೆ ಅಜ್ಜಿಯ ಕೈ ಲೆಕ್ಕವಿಲ್ಲದೆ ಮಾಡುತ್ತಿದ್ದುದರ ಲೆಕ್ಕ ಎದುರಾಗುತ್ತದೆ. ಚುಕ್ಕಿಗಳ ನಡುವಣ ಅಂತರ 40 ಆದರೆ ಸಾಲುಗಳ ನಡುವಣ ಅಂತರ 40 ಆಗಿರದೆ ಸುಮಾರು 34.6 ಆಗುತ್ತದೆ. ಏಕೆಂದರೆ ನೆರೆಯ ಮೂರು ಚುಕ್ಕಿಗಳು ಸಮಬಾಹು ತ್ರಿಭುಜವಾಗಿವೆ. ನೇರ ಚುಕ್ಕಿಯ ರಂಗೋಲಿಯಲ್ಲಿ ಆಮೆಯ ತಿರುವುಗಳು 90 ಮತ್ತು 45. ಸಂದು ಚುಕ್ಕಿಯಲ್ಲಿ 60 ಮತ್ತು 120. ಊರಿಗೆ ದೂರವಾಣಿ ಮಾಡಿದಾಗ ‘ಊಟ ಆಯ್ತಾ ಅಜ್ಜಿ’ ಎಂಬಲ್ಲಿಗೆ ಮಾತು ಮುಗಿಯುವ ಮೊಮ್ಮಕ್ಕಳಿಗೆ, ‘ಈ ಎಳೆ ಇಲ್ಲಿಂದ ಎಲ್ಲಿಗೆ ಹೋಗುತ್ತೆ ಅಜ್ಜಿ?’ ಎಂದು ಕೇಳಲು ಒಂದು ನಿಜವಾದ ಕಾರಣ ಸಿಗುತ್ತದೆ. ಅಜ್ಜಿಗೂ ತನ್ನ ವಿದ್ಯೆ ಬೇಕಾದವರು ಸಿಗುತ್ತಾರೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಹೊಯ್ಸಳರ ದೇವಾಲಯವೊಂದನ್ನು ಕೊಡಬಹುದು. 13ನೆಯ ಶತಮಾನದ ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ನಾಲ್ಕು ಚೌಕಗಳನ್ನು ಒಂದೇ ಕೇಂದ್ರದ ಸುತ್ತ 22.5 ಡಿಗ್ರಿಯಂತೆ ತಿರುಗಿಸಿದರೆ ಆ ಆಕಾರ ಬರುತ್ತದೆ. ಆದರೆ ನಮ್ಮ ಹೂವಿನ ಚೌಕಗಳು ಮೂಲೆಯ ಸುತ್ತ ತಿರುಗಿದ್ದವು. ಇಲ್ಲಿ ಕೇಂದ್ರದ ಸುತ್ತ ತಿರುಗಬೇಕು. ಆದ್ದರಿಂದ ಲೇಖನಿ ಎತ್ತಿ ಕೇಂದ್ರದಿಂದ 100 ಹೆಜ್ಜೆ ಮುಂದೆ ಹೋಗಿ, ಬಲಕ್ಕೆ 135 ತಿರುಗಿ, ಲೇಖನಿ ಇಳಿಸಿ, 141.4 ಬಾಹುವಿನ ಚೌಕ ಬರೆದು, ಬಂದ ದಾರಿಯಲ್ಲೇ ಕೇಂದ್ರಕ್ಕೆ ಮರಳಬೇಕು. ಈ 141.4 ಎಲ್ಲಿಂದ ಬಂತೆಂದು ಕೇಳಿದ ಮಗುವಿಗೆ ಪೈಥಾಗೊರಸನ ಪ್ರಮೇಯವನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು.

ಇದರ ಪ್ರಯೋಜನವನ್ನು ಹಿಗ್ಗಿಸಿ ಹೇಳುವುದು ತರವಲ್ಲ. ಲೋಗೋ ಕಲಿತರೆ ಮಗುವಿನ ಒಟ್ಟು ಆಲೋಚನಾಶಕ್ತಿಯೇ ತಾನಾಗಿ ಬೆಳೆಯುತ್ತದೆಂಬ ನಿರೀಕ್ಷೆ 1980ರ ದಶಕದಲ್ಲಿ ಹಬ್ಬಿತ್ತು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಅವರು ಪರಿಶೀಲಿಸಿದಾಗ, ಯೋಜನೆ ಹಾಕುವ ಕೌಶಲ ಹಾಗೆ ತಾನಾಗಿ ಬೇರೆ ಕೆಲಸಗಳಿಗೆ ಹರಿದು ಬರುವುದಿಲ್ಲವೆಂದು ಕಂಡುಬಂದಿತು. ಮಗುವನ್ನು ಯಂತ್ರದ ಮುಂದೆ ಕೂರಿಸಿ ನಾವು ಬೇರೆ ಕೆಲಸಕ್ಕೆ ಹೋದರೆ ಚಿತ್ರಗಳು ಮಾತ್ರ ಉಳಿಯುತ್ತವೆ. ‘ಏಕೆ ಹೀಗಾಯಿತು?’ ಎಂದು ಪಕ್ಕದಲ್ಲಿ ಕುಳಿತು ಕೇಳುವವರು ಬೇಕು.

ಇಂದು ಕೇಳಿದರೆ ಸಾಕು, ಯಂತ್ರವೇ ಕ್ರಮವಿಧಿ ಬರೆದುಕೊಡುತ್ತದೆ. ಮಕ್ಕಳಿಗೇಕೆ ಈ ಶ್ರಮ ಎನ್ನುವವರೂ ಇದ್ದಾರೆ. ಯಂತ್ರ ಕೊಟ್ಟ ರಂಗೋಲಿಯಲ್ಲಿ ಸಂದು ಉಳಿದಿದ್ದರೆ, ಅದು ಮೂರು ಡಿಗ್ರಿಯ ಸಂದು ಎಂದು ಗುರುತಿಸುವ ಕಣ್ಣು ಯಾರದಾಗಿರಬೇಕು ಎಂಬುದನ್ನು ಅವರು ಯೋಚಿಸಬೇಕು.

ಸಾಧನಗಳಿಗೆ ಹಣ ಬೇಕಿಲ್ಲ. ಎಂಟು ವರ್ಷದ ಮಕ್ಕಳಿಗೆ, 2007ರಲ್ಲಿ ಎಂ.ಐ.ಟಿ.ಯಿಂದ ಹೊರಬಂದ ‘ಸ್ಕ್ರ್ಯಾಚ್’ ಉಚಿತವಾಗಿ ಸಿಗುತ್ತದೆ. ಅದರಲ್ಲಿ ‘ಪೆನ್’ ಎಂಬ ವಿಭಾಗವನ್ನು ಸೇರಿಸಿಕೊಂಡರೆ ಬೆಕ್ಕೇ ಆಮೆಯ ಕೆಲಸ ಮಾಡುತ್ತದೆ. ಹತ್ತು ಹನ್ನೊಂದು ದಾಟಿದವರಿಗೆ ಉಚಿತವಾದ ‘ಪೈಥಾನ್’ ಭಾಷೆಯೇ ಸರಿ. ಆಮೆ ಅದರ ಜೊತೆಯಲ್ಲೇ ಬರುತ್ತದೆ. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದ ಹೊಸ ಆಜ್ಞೆಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಭಾಷೆಯ ಸ್ವಂತ ಪದಗಳು ಇಂಗ್ಲಿಷಿನವೇ ಆದರೂ, ಮಗು ಕಲಿಸಿದ ಮಾತುಗಳು ‘ಚುಕ್ಕಿ’, ‘ಎಳೆ’, ‘ದಳ’, ‘ರಂಗೋಲಿ’ ಎಂದೇ ಇರಬಹುದು, ಯಂತ್ರ ಒಪ್ಪುತ್ತದೆ. ಕನ್ನಡ ಮಾತನಾಡಬಲ್ಲ, ಆದರೆ ಓದುಬರಹ ಬಾರದ ನಮ್ಮ ಮಕ್ಕಳು ‘ದಳ’ ಎಂದು ಬರೆಯುವಾಗ ‘ಳ’ ಬದಲು ‘ಲ’ ಒತ್ತಿದರೆ ಆಮೆ ಕದಲುವುದಿಲ್ಲ. ಅದಕ್ಕೆ ಗಣಕದ ಕೀಲಿಮಣೆಯಲ್ಲಿ ಕನ್ನಡವನ್ನು ಅಳವಡಿಸಿಕೊಳ್ಳಬೇಕು. ಹತ್ತು ನಿಮಿಷದ ಕೆಲಸ. ಮೊದಲ ದಿನ ಚೌಕ, ಎರಡನೆಯ ದಿನ ತ್ರಿಭುಜ. ರಂಗೋಲಿಗೆ ತಿಂಗಳಾದರೂ ಹಿಡಿದೀತು.