ಲವ್ ಸಿನಿಮಾ ನೋಡಿದರೆ ಹೈಸ್ಕೂಲ್ ಮಕ್ಕಳು ಕೆಡುತ್ತಾರೆಯೇ? ಅರ್ಧ ನಿಜ, ಅರ್ಧ ಸುಳ್ಳು

"ಲವ್ ಸಿನಿಮಾ ನೋಡಿ ಹೈಸ್ಕೂಲ್ ಹುಡುಗ್ರು ಕೆಡಾಕತ್ತಾರ. ಮೊಬೈಲ್ ಕಸ್ಕೊಳ್ರಿ, ಹುಡುಗ್ಯಾರನ್ನ ಸಾಲಿ ಬಿಡಿಸ್ರಿ. ಎಲ್ಲಾ ತಂದೆ-ತಾಯಿಗೂ ಕಳಸ್ರಿ." ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಮಕ್ಕಳು ಹೈಸ್ಕೂಲಿಗೆ ಬಸ್ ಹತ್ತಿ ಪಕ್ಕದ ಊರಿಗೆ ಹೋಗಬೇಕು. ಅಂಥ ಕಡೆ ಇದನ್ನು ಓದಿದ ಅಪ್ಪ-ಅವ್ವನಿಗೆ ಎದೆ ಝಲ್ಲೆನ್ನುವುದು ಸಹಜ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಸಿನಿಮಾ ಪ್ರೀತಿಯನ್ನು ಹುಟ್ಟಿಸುವುದಿಲ್ಲ. ಆದರೆ ಪ್ರೀತಿ ಹುಟ್ಟಿದಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕಲಿಸುತ್ತದೆ. ಮನೆಯಲ್ಲಿ ಆ ಮಾತು ಯಾರೂ ಆಡದಿದ್ದರೆ ಸಿನಿಮಾ ಒಂದೇ ಗುರುವಾಗುತ್ತದೆ. ಅಪಾಯ ಇರುವುದು ಅಲ್ಲಿ.

ಪ್ರೀತಿ ಎಲ್ಲಿಂದ ಬರುತ್ತದೆ?

ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವಿದೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13ನೇ ವಯಸ್ಸಿನಲ್ಲಿ, ಗಂಡುಮಕ್ಕಳಲ್ಲಿ 9ರಿಂದ 14ನೇ ವಯಸ್ಸಿನಲ್ಲಿ ಅದು ಪಿಟ್ಯುಟರಿ ಗ್ರಂಥಿಗೆ ಸಂಕೇತ ಕಳಿಸಲು ಶುರು ಮಾಡುತ್ತದೆ. ಅಲ್ಲಿಂದ ಅಂಡಾಶಯ ಅಥವಾ ವೃಷಣಗಳಿಗೆ ಆಜ್ಞೆ ಹೋಗಿ ಈಸ್ಟ್ರೊಜೆನ್, ಟೆಸ್ಟೊಸ್ಟೆರಾನ್ ಹೆಚ್ಚುತ್ತವೆ. ದೇಹದ ಜೊತೆಗೆ ಮನಸ್ಸೂ ಬದಲಾಗುತ್ತದೆ. ನಿನ್ನೆಯವರೆಗೆ ಬರೀ ಗೆಳತಿಯಾಗಿದ್ದವಳು ಎದುರಿಗೆ ಬಂದರೆ ಇವತ್ತು ಮಾತು ತೊದಲುತ್ತದೆ.

ಹೊಸದಾಗಿ ಪ್ರೀತಿಯಲ್ಲಿ ಬಿದ್ದಿದ್ದ 17 ಮಂದಿಯ ಮಿದುಳನ್ನು ಹೆಲೆನ್ ಫಿಶರ್ ಮತ್ತು ಸಂಗಡಿಗರು ಸ್ಕ್ಯಾನ್ ಮಾಡಿ ನೋಡಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಪ್ರೀತಿಸುವವರ ಫೋಟೊ ಕಂಡಾಗ ಡೋಪಮಿನ್ ಹೆಚ್ಚಿರುವ ಭಾಗಗಳು ಚುರುಕಾದವು. ಬೇಕಾದದ್ದು ಸಿಕ್ಕಾಗ ಖುಷಿ ಕೊಟ್ಟು, ಮತ್ತೆ ಬೇಕು ಅನ್ನಿಸುವ ಜಾಲ ಅದು. ಆದರೆ "ತಡಿ, ಮುಂದೇನಾಗ್ತದ ನೋಡು" ಎಂದು ಲಗಾಮು ಹಿಡಿಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಹದಿನೈದರ ವಯಸ್ಸಿನಲ್ಲಿ ಭಾವನೆಗೆ ಇರುವ ಬಲ ಲಗಾಮಿಗೆ ಇರುವುದಿಲ್ಲ.

ಸಿನಿಮಾ ಇಲ್ಲದ ಕಾಲದಲ್ಲೂ ಇದು ಹೀಗೇ ಇತ್ತು. ಹೋಳಿ ಹುಣ್ಣಿಮೆಗೆ ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ದೂರದೂರಿಂದ ಜನ ಬರುತ್ತಾರೆ. ಮದುವೆಯಾಗಲಿ, ಮಕ್ಕಳಾಗಲಿ ಎಂದು ಹರಕೆ ಹೊರುತ್ತಾರೆ. ಊರೇ ಸೇರಿ ಕಾಮಣ್ಣನನ್ನು ಪೂಜಿಸುವ ನಾವು, ಮನೆಯೊಳಗೆ ಮಕ್ಕಳ ಜೊತೆ ಆ ವಿಷಯ ಮಾತ್ರ ಎತ್ತುವುದಿಲ್ಲ.

ಹಾಗಾದರೆ ಸಿನಿಮಾದ ಪಾತ್ರ ಏನು?

ಮಕ್ಕಳು ನೋಡಿ ಕಲಿಯುತ್ತಾರೆ. 1961ರಲ್ಲಿ ಆಲ್ಬರ್ಟ್ ಬಂಡೂರಾ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು ಅದೇ ರೀತಿ ಹೊಡೆದರು. ಸಿನಿಮಾದಿಂದಲೂ ಮಕ್ಕಳು ಹೀಗೆ ವರ್ತನೆ ಕಲಿಯಬಹುದು. ಶಾಲಾ ವಯಸ್ಸಿನ ಪ್ರೇಮಕಥೆಗಳಲ್ಲಿ ಮೂರು ಪಾಠಗಳು ಪದೇ ಪದೇ ಬರುತ್ತವೆ.

ಮೊದಲನೆಯದು, ಬೆನ್ನು ಹತ್ತು, ಒಂದು ದಿನ ಒಪ್ಪುತ್ತಾಳೆ. ಇದು ಸುಳ್ಳು. ಬೇಡ ಎಂದ ಮೇಲೂ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಾಗಬಹುದು. ಇಲ್ಲಿ ತೋರಿಸುವ ರೀತಿಯೂ ಮುಖ್ಯ. ಮಿಷಿಗನ್ ವಿಶ್ವವಿದ್ಯಾಲಯದ ಜೂಲಿಯಾ ಲಿಪ್‌ಮನ್ ಅವರ ಅಧ್ಯಯನದಲ್ಲಿ, ಬೆನ್ನು ಹತ್ತುವುದನ್ನು ಭಯ ಹುಟ್ಟಿಸುವಂತೆ ತೋರಿಸಿದ ಸಿನಿಮಾ ನೋಡಿದ ಯುವತಿಯರು ಅಂಥ ವರ್ತನೆಯನ್ನು ಕಡಿಮೆ ಸಮರ್ಥಿಸಿದರು.

ಎರಡನೆಯದು, ಮನೆಯವರು ಒಪ್ಪದಿದ್ದರೆ ಓಡಿಹೋಗು. 2007ರ 'ಚೆಲುವಿನ ಚಿತ್ತಾರ'ದಲ್ಲಿ ಶಾಲೆಗೆ ಹೋಗುವ ಹುಡುಗಿ ಮೆಕ್ಯಾನಿಕ್ ಜೊತೆ ಓಡಿಹೋಗುತ್ತಾಳೆ. ಮರಾಠಿಯ 'ಸೈರಾಟ್' 2017ರಲ್ಲಿ 'ಮನಸು ಮಲ್ಲಿಗೆ'ಯಾಗಿ ಕನ್ನಡಕ್ಕೆ ಬಂತು. ಈ ಕಥೆಗಳ ಕೊನೆ ದುರಂತ. ಆದರೆ ಮೊಬೈಲಿನಲ್ಲಿ ಓಡಾಡುವ ರೀಲ್ಸ್‌ನಲ್ಲಿ ಹಾಡಷ್ಟೇ ಇರುತ್ತದೆ, ಕೊನೆ ಇರುವುದಿಲ್ಲ.

ಮೂರನೆಯದು, ಹೇಳದೇ ಉಳಿದದ್ದೇ ನಿಜವಾದ ಪ್ರೀತಿ. 2018ರ ತಮಿಳಿನ '96' ಮರುವರ್ಷ ಗಣೇಶ್, ಭಾವನಾ ಅಭಿನಯದಲ್ಲಿ '99' ಆಗಿ ಕನ್ನಡಕ್ಕೆ ಬಂತು. ಶಾಲೆಯಲ್ಲಿ ಹೇಳದೇ ಉಳಿದ ಪ್ರೀತಿ, ವರ್ಷಗಳ ಮೇಲೆ ಹಳೆಯ ಸಹಪಾಠಿಗಳ ಕೂಟದಲ್ಲಿ ಭೇಟಿ, ಇದು ಕಥೆ. ಬಹಳ ಜನ ತಮ್ಮದೇ ಕಥೆ ಎಂದುಕೊಂಡು ಕಣ್ಣೊರೆಸಿಕೊಂಡರು. ಅದಕ್ಕೆ ಕಾರಣವಿದೆ. ವಯಸ್ಸಾದವರನ್ನು ಹಳೆಯ ನೆನಪು ಕೇಳಿದರೆ, 10ರಿಂದ 30 ವರ್ಷದೊಳಗಿನ ಘಟನೆಗಳನ್ನೇ ಹೆಚ್ಚು ಹೇಳುತ್ತಾರೆ ಎಂದು ನೆನಪಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮೊದಲ ಸಲ ಆದದ್ದು ಗಟ್ಟಿಯಾಗಿ ಕೂರುತ್ತದೆ. ನೆನಪು ಗಟ್ಟಿ ಇದೆ ಎಂದ ಮಾತ್ರಕ್ಕೆ ಆ ಜೋಡಿ ಸರಿಹೋಗುತ್ತಿತ್ತು ಎಂದಲ್ಲ.

ಹೇಳದಿದ್ದರೆ ತಪ್ಪೇ?

ತಪ್ಪೇನಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಯಾರೋ ಇಷ್ಟವಾಗಿ, ಹೇಳದೇ, ಹಾಗೇ ಮರೆತುಹೋಗುವುದು ಆರೋಗ್ಯವಂತ ಬೆಳವಣಿಗೆಯ ಭಾಗ. ಆ ಹುಡುಗ ಆ ಹುಡುಗಿಗೆ ಹೇಳದಿದ್ದರೆ ನಷ್ಟವಿಲ್ಲ. ಆದರೆ ಮನಸ್ಸಿನಲ್ಲಿ ಇರುವುದನ್ನು ಒಬ್ಬ ದೊಡ್ಡವರಿಗೂ ಹೇಳಲಾಗದಿದ್ದರೆ ನಷ್ಟವಿದೆ. ಯಾರೋ ಬೆನ್ನು ಹತ್ತಿದ್ದಾನೆ ಎಂದು ಅವ್ವನಿಗೆ ಹೇಳಿದರೆ ತನ್ನನ್ನೇ ಸಾಲಿ ಬಿಡಿಸುತ್ತಾರೆ ಎಂಬ ಭಯವಿರುವ ಹುಡುಗಿ ಬಾಯಿ ಬಿಡುವುದಿಲ್ಲ. ತೊಂದರೆ ಕೊಡುವವನಿಗೆ ಬೇಕಾದದ್ದೂ ಆ ಮೌನವೇ.

ಸಾಲಿ ಬಿಡಿಸಿದರೆ ಏನಾಗುತ್ತದೆ?

ಸಾಲಿ ಬಿಟ್ಟ ಹುಡುಗಿಗೆ ಮುಂದಿನ ಮಾತು ಹೆಚ್ಚಾಗಿ ಮದುವೆಯದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅಂಥ ಮದುವೆಗೆ ನಮ್ಮ ರಾಜ್ಯದ ಕಾನೂನಿನಲ್ಲಿ ಬೆಲೆಯೇ ಇಲ್ಲ, ಅದು ಮೊದಲಿನಿಂದಲೇ ಅಸಿಂಧು. ಮಾಡಿಸಿದವರಿಗೂ ಶಿಕ್ಷೆಯಿದೆ.

ಓಡಿಹೋದರೆ ಇನ್ನೊಂದು ಕಾನೂನು. 2012ರ ಪೋಕ್ಸೊ ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ. ಬರೀ ಮಾತಾಡುವುದು, ಇಷ್ಟಪಡುವುದು ಅಪರಾಧವಲ್ಲ. ಆದರೆ ದೈಹಿಕ ಸಂಬಂಧ ಬೆಳೆದರೆ "ಆಕಿನೂ ಒಪ್ಪಿದ್ಲು" ಎಂಬ ಮಾತು ನಡೆಯುವುದಿಲ್ಲ. ಅತ್ಯಾಚಾರಕ್ಕೆ ಸಮನಾದ ಅಪರಾಧಕ್ಕೆ ಕನಿಷ್ಠ 10 ವರ್ಷ, ಬಾಲಕಿ 16ರೊಳಗಿನವಳಾದರೆ ಕನಿಷ್ಠ 20 ವರ್ಷ ಶಿಕ್ಷೆ.

ಈ ಸಂಗತಿಯನ್ನು ನಮ್ಮ ಧಾರವಾಡದ ಹೈಕೋರ್ಟ್ ಪೀಠವೇ ಎತ್ತಿ ಹೇಳಿದೆ. 16 ದಾಟಿದ ಹುಡುಗಿಯರು ಪ್ರೀತಿಸಿ ಓಡಿಹೋದ ಪ್ರಕರಣಗಳು ಹಲವು ಬರುತ್ತಿವೆ, ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಲಿ ಎಂದು ನವೆಂಬರ್ 2022ರಲ್ಲಿ ಪೀಠ ಹೇಳಿತು. 9ನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸಲು ಪಾಠ ಸಿದ್ಧಪಡಿಸಿ ಎಂದು ಶಿಕ್ಷಣ ಇಲಾಖೆಗೂ ಸೂಚಿಸಿತು. 2023ರಲ್ಲಿ ಆಯೋಗ ವಯಸ್ಸು ಇಳಿಸುವುದು ಬೇಡ ಎಂದಿತು. ಹೀಗಾಗಿ ಮಿತಿ ಇಂದಿಗೂ 18. ಕೋರ್ಟು ಕೂಡ ಸಾಲಿ ಬಿಡಿಸಿ ಎನ್ನಲಿಲ್ಲ, ಸಾಲಿಯಲ್ಲಿ ತಿಳಿಸಿ ಎಂದಿತು.

ಮನೆಯಲ್ಲಿ ಏನು ಮಾಡಬಹುದು?

• ಸಿನಿಮಾ ಜೊತೆಗೆ ಕೂತು ನೋಡಿ. "ಆಕಿ ಬ್ಯಾಡ ಅಂದ್ಮ್ಯಾಲೂ ಹಿಂದ ಹೋಗೋದು ಸರಿ ಏನಪಾ?" ಎಂದು ಮಗನನ್ನು ಕೇಳಿ. ಈ ಪ್ರಶ್ನೆ ಮಗಳಿಗಿಂತ ಮಗನಿಗೆ ಹೆಚ್ಚು ಬೇಕು.

• ಮಗಳು ಏನಾದರೂ ಹೇಳಿದರೆ ಮೊದಲು ಪೂರ್ತಿ ಕೇಳಿ. "ಸಾಲಿ ಬಿಡಸೂದಿಲ್ಲವಾ, ಏನಾಗೇತಿ ಹೇಳು" ಎಂಬ ಒಂದು ಮಾತು ಧೈರ್ಯ ಕೊಡುತ್ತದೆ.

• ಊಟ ಬಿಡುವುದು, ನಿದ್ದೆಗೆಡುವುದು, ಸಾಯುವ ಮಾತಾಡುವುದು ಕಂಡರೆ ನಾಟಕ ಎನ್ನಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ.

• ಮಗುವಿಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ ಅಥವಾ ಬಾಲ್ಯವಿವಾಹ ನಡೆಯುವ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮಕ್ಕಳೇ ನೇರವಾಗಿ ಕರೆ ಮಾಡಬಹುದು.

ನಮ್ಮ ತೀರ್ಪು: "ಸಿನಿಮಾ ಮಕ್ಕಳನ್ನು ಕೆಡಿಸುತ್ತದೆ" ಎಂಬುದು ಅರ್ಧ ನಿಜ. "ಹುಡುಗ್ಯಾರನ್ನ ಸಾಲಿ ಬಿಡಿಸ್ರಿ" ಎಂಬ ಸಲಹೆ ಪೂರ್ತಿ ತಪ್ಪು. ಆ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸಬೇಡಿ. ಅದರ ಬದಲು 1098 ಮತ್ತು 14416, ಈ ಎರಡು ನಂಬರುಗಳನ್ನು ಕಳಿಸಿ.